ಶನಿವಾರದ ಕೆಲಸದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕ ಬಂಧುಗಳೇ,

ನಮಸ್ಕಾರ. ಬರುವ ತಿಂಗಳ ಮೊದಲ ಶನಿವಾರದಿಂದ ಬಂಗಾರಪೇಟೆಯ ನಮ್ಮ ಸಹಕಾರ ಸಂಘದ ದುರಸ್ತಿ ಕೇಂದ್ರದಲ್ಲಿ ಶನಿವಾರಗಳಂದು ಮೋಟಾರು ಬಿಚ್ಚುವುದಾಗಲಿ, ರಿವೈಂಡಿಂಗ್ (ಸುಟ್ಟ ತಂತಿ ಕಿತ್ತು ಹೊಸದು ಸುತ್ತುವುದು) ಆಗಲಿ ಇರುವುದಿಲ್ಲ; ತುರ್ತಿನ ಕೆಲಸಕ್ಕೆ ಇರುವ ವಿನಾಯಿತಿಯನ್ನು ಕೆಳಗೆ ಹೇಳಿದ್ದೇವೆ. ಬಾಗಿಲು ತೆರೆದಿರುತ್ತದೆ. ಸಿದ್ಧವಾದ ಮೋಟಾರನ್ನು ಒಯ್ಯಬಹುದು, ಕೆಟ್ಟದ್ದನ್ನು ತಂದಿಟ್ಟು ಚೀಟಿ ಪಡೆಯಬಹುದು. ಆದರೆ ಶುಕ್ರವಾರ ಬೆಳಿಗ್ಗೆ ತಂದ ಮೋಟಾರು ಇಷ್ಟು ದಿನ ಶನಿವಾರ ಸಂಜೆಗೆ ನಿಮ್ಮ ಕೈ ಸೇರುತ್ತಿತ್ತು. ಇನ್ನು ಸೋಮವಾರ ಸಂಜೆಗೆ ಸೇರುತ್ತದೆ. ದರದಲ್ಲಿ ಬದಲಾವಣೆ ಇಲ್ಲ, ಗ್ಯಾರಂಟಿಯಲ್ಲೂ ಇಲ್ಲ. ಈ ಏರ್ಪಾಡು ಹತ್ತು ತಿಂಗಳ ಕಾಲ ನಡೆಯುತ್ತದೆ.

ಇಷ್ಟನ್ನು ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ ಸುಮ್ಮನಾಗಬಹುದಿತ್ತು. ಆದರೆ ಬೋರ್‌ವೆಲ್ ನಿಂತ ಮನೆಯ ಪಾಡು ನಮಗೂ ಗೊತ್ತು. ನಮ್ಮ ಹನ್ನೊಂದು ಸದಸ್ಯರಲ್ಲಿ ಏಳು ಮಂದಿ ಬೇಸಾಯದ ಮನೆಯವರು. ನಿಮ್ಮ ಎರಡು ದಿನಗಳನ್ನು ಕೇಳುತ್ತಿರುವಾಗ ಅವು ಯಾವುದಕ್ಕೆ ಸಲ್ಲುತ್ತವೆ ಎಂಬುದನ್ನು ಪೂರ್ತಿಯಾಗಿ ಹೇಳಬೇಕಾದ್ದು ನಮ್ಮ ಕರ್ತವ್ಯ.

ಅವು ಒಂದು ಹಳೆಯ ಜಲಾಂತರ್ಗಾಮಿಗೆ ಸಲ್ಲುತ್ತವೆ.

ಸಮುದ್ರವಿರಲಿ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಕರಾವಳಿಯ ವಸ್ತುಸಂಗ್ರಹಾಲಯವೊಂದು ನೌಕಾಪಡೆಯಿಂದ ನಿವೃತ್ತವಾದ ಜಲಾಂತರ್ಗಾಮಿಯ ಒಂದು ಕೋಣೆಯನ್ನು, ಅದು ಸೇವೆಯಲ್ಲಿದ್ದಾಗ ಹೇಗಿತ್ತೋ ಹಾಗೆಯೇ ಮತ್ತೆ ಜೋಡಿಸುತ್ತಿದೆ. ಹಲವು ಊರುಗಳ ಸ್ವಯಂಸೇವಕರು ತಮಗೆ ಬರುವ ಕೆಲಸವನ್ನು ಹಂಚಿಕೊಂಡಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಆರು ಫ್ಯಾನ್ ಮೋಟಾರು, ಎರಡು ಸಣ್ಣ ಪಂಪು, ಹದಿನಾಲ್ಕು ವಾಲ್ವ್ ಚಕ್ರ ಮತ್ತು ಒಂದು ಪೆಟ್ಟಿಗೆ ತುಂಬ ಒತ್ತಡದ ಗೇಜುಗಳು. ಎಲ್ಲ ಕಡೆಯ ಕೆಲಸ ಮುಗಿದ ಮೇಲೆ ವಿವರವನ್ನು ವಸ್ತುಸಂಗ್ರಹಾಲಯದವರೇ ಪ್ರಕಟಿಸಬೇಕೆಂಬ ಒಪ್ಪಂದವಿರುವುದರಿಂದ ಅವರ ಹೆಸರನ್ನು ಇಲ್ಲಿ ಬರೆದಿಲ್ಲ.

ಇದಕ್ಕೆ ನಾವು ಒಪ್ಪಿಕೊಂಡದ್ದರ ಹಿಂದೆ ಒಂದು ಪ್ರವಾಸವಿದೆ. ಎರಡು ವರ್ಷದ ಕೆಳಗೆ ಸಂಘದವರೆಲ್ಲ ಮನೆಮಂದಿಯೊಡನೆ ವಿಶಾಖಪಟ್ಟಣಕ್ಕೆ ಹೋಗಿದ್ದೆವು. ಅಲ್ಲಿನ ರಾಮಕೃಷ್ಣ ಬೀಚಿನಲ್ಲಿ ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿ ನಿಂತಿದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ, 'ಫಾಕ್ಸ್‌ಟ್ರಾಟ್' ವರ್ಗಕ್ಕೆ ಸೇರಿದ ಹಡಗು ಅದು. ಉದ್ದ 91 ಮೀಟರ್. 1969ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆಗೆ ಸೇರಿತು, 1971ರ ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲಿ ಕಾವಲು ತಿರುಗಿತು. ಮೂವತ್ತೊಂದು ವರ್ಷಗಳಲ್ಲಿ 73,500 ನಾಟಿಕಲ್ ಮೈಲಿ ಕ್ರಮಿಸಿ ನಿವೃತ್ತವಾದ ಮೇಲೆ ಅದನ್ನು ನೀರಿನಿಂದ ಮರಳಿಗೆ ಎಳೆದು ತಂದು ನಿಲ್ಲಿಸಿದರು. 2002ರ ಆಗಸ್ಟ್‌ನಿಂದ ಜನ ಅದರ ಹೊಟ್ಟೆಯೊಳಗೆ ನಡೆದು ನೋಡುತ್ತಿದ್ದಾರೆ.

ನಾವೂ ನಡೆದೆವು. ಒಂದು ಕೋಣೆಯಿಂದ ಇನ್ನೊಂದಕ್ಕೆ ದುಂಡನೆಯ ಕಿಂಡಿ. ತಲೆ ತಗ್ಗಿಸಿ, ಕಾಲೆತ್ತಿ ದಾಟಬೇಕು. ಟಾರ್ಪಿಡೊಗಳ ಪಕ್ಕದಲ್ಲೇ ಮಲಗುವ ಹಲಗೆಗಳು. ಎಪ್ಪತ್ತೈದರಷ್ಟು ಮಂದಿ ವಾರಗಟ್ಟಲೆ ಉಸಿರಾಡಿದ ಜಾಗ ಅದು. ಮಕ್ಕಳು ಪೆರಿಸ್ಕೋಪಿನ ಕಡೆ ಓಡಿದರು. ನಮ್ಮವರು ಮಾತ್ರ ಪಂಪು, ಮೋಟಾರು, ವಾಲ್ವುಗಳ ಮುಂದೆ ನಿಂತವರು ಕದಲಲಿಲ್ಲ. ಮಾರ್ಗದರ್ಶಕರಾಗಿದ್ದ ನಿವೃತ್ತ ನಾವಿಕರೊಬ್ಬರು, ಕೊನೆಯ ತಂಡ ಹೊರಗೆ ಹೋದ ಮೇಲೂ ನಮ್ಮ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರ ಕೊಟ್ಟರು.

ಹೊರಗೆ ಬಂದು ಮರಳಿನ ಮೇಲೆ ಕುಳಿತಾಗ ನಮ್ಮ ಹಿರಿಯ ಸದಸ್ಯರು ಒಂದು ಮಾತು ಹೇಳಿದರು. ಅವರ ತಂದೆ ಕೆ.ಜಿ.ಎಫ್. (ಕೋಲಾರದ ಚಿನ್ನದ) ಗಣಿಯಲ್ಲಿ ಪಂಪು ನಡೆಸುತ್ತಿದ್ದವರು. ಅವರೂ ಗಣಿಯ ವರ್ಕ್‌ಶಾಪಿನಲ್ಲೇ ಕೆಲಸ ಕಲಿತವರು. ಕುರ್ಸುರಾ ಸೇವೆಯಿಂದ ನಿವೃತ್ತವಾದದ್ದು 2001ರಲ್ಲಿ ಎಂದು ಅವರು ಒಳಗೆ ಕೇಳಿಕೊಂಡಿದ್ದರು. ಅದೇ ವರ್ಷ, ಫೆಬ್ರವರಿ 28ರಂದು, ಕೋಲಾರದ ಚಿನ್ನದ ಗಣಿ ಮುಚ್ಚಿತು. ಅದರ ಒಂದು ಭಾಗವಾದ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಸುರಂಗಗಳು ಪಂಪು ನಿಂತೊಡನೆ ನೀರು ತುಂಬಿಕೊಳ್ಳತೊಡಗಿದವು. "ನಮ್ಮಪ್ಪ ಎಣ್ಣೆ ಹಾಕಿ ಒರೆಸುತ್ತಿದ್ದ ಪಂಪು ಆ ನೀರಿನ ಅಡಿಯಲ್ಲಿ ಹೋಯಿತು. ಇದನ್ನು ಯಾರೋ ಉಳಿಸಿಕೊಂಡಿದ್ದಾರೆ ನೋಡಿ" ಎಂದರು. ಅದೇ ವರ್ಗದ ಹಡಗಿನ ಭಾಗಗಳಿಗೆ ಕೈ ಬೇಕಾಗಿದೆ ಎಂಬ ಸುದ್ದಿ ಕಳೆದ ವರ್ಷ ಬಂದಾಗ ಮೊದಲು ಒಪ್ಪಿದವರು ಅವರೇ.

ಕೆಲಸ ಹೇಗಿದೆ ಎಂಬುದನ್ನೂ ಹೇಳಬೇಕು. ನಮಗೆ ಇದರ ಮೇಲೆ ಇರುವ ಪ್ರೀತಿ ಅಲ್ಲಿಂದಲೇ ಹುಟ್ಟಿದ್ದು. ನೀವು ತರುವ ಸಬ್‌ಮರ್ಸಿಬಲ್ ಮೋಟಾರು ನೀರನ್ನು ಒಳಗೇ ತುಂಬಿಕೊಂಡು ತಿರುಗುತ್ತದೆ, ಅದರ ತಂತಿಗೆ ಪ್ಲಾಸ್ಟಿಕ್ ಹೊದಿಕೆ. ಜಲಾಂತರ್ಗಾಮಿಯ ಮೋಟಾರು ಇದಕ್ಕೆ ತದ್ವಿರುದ್ಧ: ಸುತ್ತಲೂ ಸಮುದ್ರ, ಒಳಗೆ ಒಂದು ಹನಿ ಸೇರಿದರೂ ಕೆಡುಕು. ಹತ್ತು ಮೀಟರ್ ಆಳಕ್ಕೆ ಹೋದಂತೆಲ್ಲ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 200 ಮೀಟರ್ ಆಳದಲ್ಲಿ ಹಡಗಿನ ಮೈಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 20 ಕಿಲೋ ಭಾರ. ಮೇಲೆ ತೇಲುವಾಗ ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿಗಳಿಗೆ ಚಾರ್ಜ್ ತುಂಬುತ್ತಾರೆ. ಮುಳುಗಿದ ಮೇಲೆ ಎಂಜಿನ್ ನಿಲ್ಲಿಸಿ ಬ್ಯಾಟರಿಯ ಕರೆಂಟಿನಿಂದಲೇ ಸಾಗುತ್ತಾರೆ. ಸೀಸ ಮತ್ತು ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಅನಿಲ ಸೇರಿಕೊಂಡರೆ ಒಂದು ಕಿಡಿ ಸಾಕು. ಅದನ್ನು ಚದುರಿಸಿ ಹೊರಗೆ ತಳ್ಳುತ್ತಿದ್ದುದು ಫ್ಯಾನುಗಳು. ನಮ್ಮ ಮೇಜಿನ ಮೇಲಿರುವ ಮೋಟಾರಿನಂಥವುಗಳನ್ನು ನಂಬಿ ಒಂದು ಹಡಗಿನ ಜನ ನಿದ್ದೆ ಮಾಡುತ್ತಿದ್ದರು.

ಬ್ಯಾಟರಿಯಿಂದ ನಡೆಯುವಂಥವು ಆದ್ದರಿಂದ ಇವು ಡಿ.ಸಿ. (ಒಂದೇ ದಿಕ್ಕಿನ ಕರೆಂಟಿನ) ಮೋಟಾರುಗಳು: ತಿರುಗುವ ಭಾಗವಾದ ಆರ್ಮೇಚರ್, ಅದರ ತುದಿಯ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಅದಕ್ಕೆ ಒರಸಿಕೊಂಡು ಕರೆಂಟು ಕೊಡುವ ಕಾರ್ಬನ್ ಬ್ರಷ್. ನಮ್ಮ ಕಿರಿಯರು ಇವನ್ನು ಮುಟ್ಟಿಯೇ ಇರಲಿಲ್ಲ. ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೂದಲೆಳೆಯಷ್ಟು ತಗ್ಗಿಸುವ ಕೆಲಸವನ್ನು ಹಿರಿಯರು ಒಂದು ಶನಿವಾರ ಪೂರ್ತಿ ಕಲಿಸಿದರು. ಒಂದು ಆರ್ಮೇಚರಿಗೆ ಅದೇ ಒಂದು ದಿನ ಹಿಡಿಯಿತು.

ಆರರಲ್ಲಿ ಎರಡನ್ನು ಮಾತ್ರ ತಿರುಗುವಂತೆ ಮಾಡಬೇಕೆಂದು ವಸ್ತುಸಂಗ್ರಹಾಲಯದವರು ಹೇಳಿದ್ದಾರೆ. ಉಳಿದ ನಾಲ್ಕರ ಸುತ್ತುಗಳನ್ನು ಹಾಗೆಯೇ ಬಿಟ್ಟು, ತುಕ್ಕು ತಡೆದು, ತೇವಾಂಶ ತಾಗದಂತೆ ಮಾಡಿ ಹಿಂದಿರುಗಿಸಬೇಕು. ಸುಟ್ಟ ಕಾಯಿಲ್ ಕಂಡರೆ ಕಿತ್ತು ಹೊಸದು ಸುತ್ತುವುದೇ ಇಷ್ಟು ವರ್ಷದ ನಮ್ಮ ಅಭ್ಯಾಸ. ಮೊದಲು ಇದು ಮನಸ್ಸಿಗೆ ಹಿಡಿಸಲಿಲ್ಲ. ಆದರೆ ಅಂದಿನ ಕಾರ್ಮಿಕರು ಸುತ್ತಿದ ಕೈಗೆಲಸವನ್ನು ನಾವು ಕಿತ್ತುಬಿಟ್ಟರೆ ಒಳಗೆ ಉಳಿಯುವುದು ನಮ್ಮ ಕೆಲಸವೇ ಹೊರತು ಹಡಗಿನದಲ್ಲ. ಈಗ ವಸ್ತುಸಂಗ್ರಹಾಲಯದವರ ಮಾತೇ ಸರಿ ಎಂದು ನಾವು ನಂಬುತ್ತೇವೆ.

ಇದನ್ನು ಅರಿಯುವ ಮೊದಲು ನಮ್ಮಿಂದ ಒಂದು ತಪ್ಪಾಗಿದೆ. ಪರೀಕ್ಷೆಗಾಗಿ ಮೊದಲು ಬಂದ ಒಂದು ವಾಲ್ವಿನ ಮೇಲೆ ಮಣ್ಣು ಹಿಡಿದ ತಗಡಿನ ಪಟ್ಟಿಯಿತ್ತು. ಎಂದಿನಂತೆ ವೈರ್ ಬ್ರಷ್ ಹಾಕಿ ಉಜ್ಜಿದೆವು. ಮಣ್ಣಿನ ಜೊತೆ ಬಣ್ಣ ಹೋಯಿತು, ಬಣ್ಣದ ಜೊತೆ ಅದರ ಮೇಲೆ ಕೈಯಿಂದ ಬರೆದಿದ್ದ ರಷ್ಯನ್ ಅಕ್ಷರಗಳೂ ಹೋದವು. ಏನು ಬರೆದಿತ್ತೆಂದು ನಾವು ಗುರುತು ಹಾಕಿಕೊಂಡಿರಲಿಲ್ಲ, ಫೋಟೊ ತೆಗೆದಿರಲಿಲ್ಲ. ಯಾರು ಎಷ್ಟು ಹುಡುಕಿದರೂ ಆ ಅಕ್ಷರಗಳು ಇನ್ನು ಸಿಗುವುದಿಲ್ಲ. ವಸ್ತುಸಂಗ್ರಹಾಲಯಕ್ಕೆ ಹಾಗೆಯೇ ಬರೆದು ತಿಳಿಸಿದೆವು. ಅವರು ಕೆಲಸವನ್ನು ಹಿಂದಕ್ಕೆ ಪಡೆಯಲಿಲ್ಲ. ಮುಟ್ಟುವ ಮೊದಲು ಬರೆದುಕೊಳ್ಳುವ ಕ್ರಮವನ್ನು ಕಳುಹಿಸಿದರು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ನಾಲ್ಕು ಕಡೆಯ ಫೋಟೊ, ಕಂಡದ್ದೆಲ್ಲದರ ಟಿಪ್ಪಣಿ, ಬಿಚ್ಚಿದ ಪ್ರತಿ ತಿರುಪಿಗೂ ಹೆಸರಿನ ಚೀಟಿ. ಶಾಖ ತಡೆಯಲು ಹಳೆಯ ಕಾಲದ ಕಲ್ನಾರಿನ (ಆಸ್ಬೆಸ್ಟಾಸ್) ಹೊದಿಕೆ ಸುತ್ತಿದ್ದರೆ ಅದನ್ನು ಮುಟ್ಟಲೇಬಾರದು; ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯ. ಅಂಥ ಎರಡು ವಸ್ತುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವಾಪಸು ಕಳುಹಿಸಿದ್ದೇವೆ.

ಈ ಕ್ರಮವನ್ನು ನಿಮ್ಮ ಮೋಟಾರುಗಳಿಗೂ ತರುತ್ತಿದ್ದೇವೆ. ಇದು ಎರಡನೆಯ ಬದಲಾವಣೆ. ಇನ್ನು ಮುಂದೆ ಯಾವ ಮೋಟಾರನ್ನೂ ಮೊದಲು ಬರೆದುಕೊಳ್ಳದೆ ಬಿಚ್ಚುವುದಿಲ್ಲ. ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ತೋರಿಸಿದ ಅಂಕಿ, ಹಳೆಯ ಕಾಯಿಲಿನ ಸುತ್ತುಗಳ ಎಣಿಕೆ, ತಂತಿಯ ಗೇಜ್ (ದಪ್ಪ), ಬುಷ್ ಮತ್ತು ನೀರು ತಳ್ಳುವ ಇಂಪೆಲ್ಲರುಗಳ ಸ್ಥಿತಿ ಎಲ್ಲವೂ ಒಂದು ಕಾರ್ಡಿನಲ್ಲಿರುತ್ತವೆ. ಕಾರ್ಡಿನ ಒಂದು ಪ್ರತಿ ನಿಮ್ಮ ಬಳಿ, ಒಂದು ನಮ್ಮ ಬಳಿ. ಒಂದೇ ಮೋಟಾರು ವರ್ಷದಲ್ಲಿ ಮೂರು ಸಲ ಸುಟ್ಟು ಬಂದಾಗ ಪ್ರತಿ ಸಲವೂ ಹೊಸದಾಗಿ ಸುತ್ತಿ ಕೊಟ್ಟಿದ್ದೇವೆ. ಏಕೆ ಸುಡುತ್ತಿದೆ ಎಂದು ಹೋಲಿಸಿ ನೋಡಲು ನಮ್ಮಲ್ಲಿ ದಾಖಲೆ ಇರಲಿಲ್ಲ. ವೋಲ್ಟೇಜ್ ಸಾಲದೆಯೋ, ನೀರಿನ ಮಟ್ಟ ಕುಸಿದು ಒಣಗಿ ಓಡಿಯೋ, ಮರಳು ಸೇರಿಯೋ ಎಂಬುದನ್ನು ಈ ಕಾರ್ಡುಗಳು ಹೇಳುತ್ತವೆ. ಸುಟ್ಟ ತಾಮ್ರವನ್ನು ನಿಮ್ಮ ಎದುರಿಗೇ ತೂಗಿ, ತೂಕವನ್ನು ಅದೇ ಕಾರ್ಡಿನಲ್ಲಿ ಬರೆಯುತ್ತೇವೆ. ಹಳೆಯ ಬೇರಿಂಗುಗಳನ್ನು ಕೇಳದಿದ್ದರೂ ಹಿಂದಿರುಗಿಸುತ್ತೇವೆ.

ಈ ತೀರ್ಮಾನ ಸುಲಭವಾಗಿ ಆದದ್ದಲ್ಲ. ಸಭೆಯಲ್ಲಿ ಮೂವರು ವಿರೋಧಿಸಿದರು. ಮುಳಬಾಗಿಲು ಕಡೆಯ ನಮ್ಮ ಹಳೆಯ ಗ್ರಾಹಕರೊಬ್ಬರು ವಿಷಯ ತಿಳಿದು, "ನನ್ನ ಟೊಮೆಟೊ ಒಣಗಿದರೆ ನಿಮ್ಮ ಹಡಗು ನೀರು ಕೊಡುತ್ತದೆಯೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದರಿಂದಲೇ ಮೊದಲಿನ ಯೋಜನೆಯನ್ನು ತಿದ್ದಿದೆವು. ಕಾಯಿ ಹಿಡಿದು ನಿಂತ ಬೆಳೆ, ಊರಿನ ಕುಡಿಯುವ ನೀರು, ಕರೆಯುವ ಹಸುಗಳಿರುವ ಮನೆ, ಈ ಮೂರಕ್ಕೆ ಶನಿವಾರವೂ ಇಬ್ಬರು ಕೆಲಸಗಾರರು ಮೀಸಲು. ಅವರು ಅಂದು ಜಲಾಂತರ್ಗಾಮಿಯ ಭಾಗಗಳನ್ನು ಮುಟ್ಟುವುದಿಲ್ಲ. ಇವಲ್ಲದೆ ಬದಲಿ ಮೋಟಾರುಗಳನ್ನು ಎರಡರಿಂದ ನಾಲ್ಕಕ್ಕೆ ಹೆಚ್ಚಿಸಿದ್ದೇವೆ. ಕಾಯಬೇಕಾದವರಿಗೆ ಸೋಮವಾರದವರೆಗೆ ಬಾಡಿಗೆಯಿಲ್ಲದೆ ಕೊಡುತ್ತೇವೆ. ಬೇಸಿಗೆಯಲ್ಲಿ, ಅಂದರೆ ಮಾರ್ಚ್‌ನಿಂದ ಮೇ ಕೊನೆಯವರೆಗೆ, ತಿಂಗಳಿಗೆ ಎರಡೇ ಶನಿವಾರ ಈ ಕೆಲಸಕ್ಕೆ. ಅಷ್ಟಾದರೂ ಯಾರದ್ದಾದರೂ ಬೆಳೆಗೆ ನಮ್ಮಿಂದ ತೊಂದರೆಯಾದರೆ ಸಭೆ ಮತ್ತೆ ಸೇರುತ್ತದೆ. ಅಗತ್ಯವಿದ್ದರೆ ಏರ್ಪಾಡನ್ನು ನಿಲ್ಲಿಸುತ್ತದೆ. ಆ ಸಭೆಗೆ ತೊಂದರೆಗೊಳಗಾದ ಗ್ರಾಹಕರನ್ನೂ ಕರೆಯುತ್ತೇವೆ.

ಹಣದ ವಿಚಾರ ಚಿಕ್ಕದು. ಶನಿವಾರದ ಕೂಲಿಯನ್ನು ಈ ಕೆಲಸ ಮಾಡುವ ಸದಸ್ಯರು ಬಿಟ್ಟುಕೊಟ್ಟಿದ್ದಾರೆ. ಸಾಮಗ್ರಿ ಮತ್ತು ಸಾಗಣೆಯ ವೆಚ್ಚ ವಸ್ತುಸಂಗ್ರಹಾಲಯದ್ದು. ನಿಮ್ಮ ಬಿಲ್ಲಿನಿಂದ ಒಂದು ರೂಪಾಯಿಯೂ ಅತ್ತ ಹೋಗುವುದಿಲ್ಲ. ಲೆಕ್ಕದ ಪುಸ್ತಕ ಮುಂಭಾಗದ ಮೇಜಿನ ಮೇಲೆಯೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು.

ಕೊನೆಯದಾಗಿ ನಿಮ್ಮಲ್ಲಿ ಒಂದು ಬೇಡಿಕೆ, ಒಂದು ಆಹ್ವಾನ. ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ವರ್ಕ್‌ಶಾಪಿನ ಮೂಲೆಯಲ್ಲೋ ಬಳಸದ ಹತ್ತಿಯ ಇನ್ಸುಲೇಷನ್ ಟೇಪ್, ಲೆದರಾಯ್ಡ್ ಪೇಪರ್ (ಇನ್ಸುಲೇಷನ್ನಿನ ದಪ್ಪ ಕಾಗದ), ಹಿತ್ತಾಳೆಯ ನೇರ ಗೀರಿನ ತಿರುಪುಗಳು ಇದ್ದರೆ ದಯವಿಟ್ಟು ತಿಳಿಸಿ. ತಿರುಗಬೇಕಾದ ಎರಡು ಮೋಟಾರುಗಳಿಗೆ ಇವು ಬೇಕು. ತೂಕಕ್ಕೆ ತಕ್ಕ ಬೆಲೆ ಕೊಡುತ್ತೇವೆ. ಗಣಿಯ ವರ್ಕ್‌ಶಾಪಿನಲ್ಲಿ ಡಿ.ಸಿ. ಕೆಲಸ ಮಾಡಿದ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಅವರಿಗೂ ಈ ಪತ್ರವನ್ನು ಓದಿ ಹೇಳಿ. ಅವರು ಬಂದು ಕುಳಿತು ಎರಡು ಮಾತು ಹೇಳಿಕೊಟ್ಟರೂ ನಮಗೆ ದೊಡ್ಡ ಉಪಕಾರ.

ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಹಿಂದಿನ ಕೋಣೆಯ ಉದ್ದ ಮೇಜಿನ ಮೇಲೆ ಎಲ್ಲವನ್ನೂ ಹರಡಿರುತ್ತೇವೆ. ಬಾಗಿಲ ಬಳಿ ಶುದ್ಧವಾದ ಹತ್ತಿಯ ಕೈಗವಸುಗಳಿರುತ್ತವೆ. ಅವನ್ನು ಹಾಕಿಕೊಂಡರೆ ವಾಲ್ವ್ ಚಕ್ರಗಳನ್ನು ಮಕ್ಕಳೂ ತಿರುಗಿಸಿ ನೋಡಬಹುದು.

ಇಂತು ನಿಮ್ಮ ವಿಶ್ವಾಸಿಗಳು,
ಸಂಘದ ಅಧ್ಯಕ್ಷರು ಮತ್ತು ಸದಸ್ಯರು
ಬಂಗಾರಪೇಟೆ, ಕೋಲಾರ ಜಿಲ್ಲೆ