ಉಮ್ಮತ್ತಿ ಮನೆಮದ್ದಲ್ಲ

ಮಾನ್ಯ ಸಂಪಾದಕರೇ,

ಉಮ್ಮತ್ತಿ ಎಲೆಯ ಹೊಗೆ ಸೇದಿದರೆ ಉಬ್ಬಸ ಹೋಗುತ್ತದೆ ಎಂಬ ಸಲಹೆಗಳು ಈಗ ಮೊಬೈಲ್‌ನಲ್ಲಿ ಜಾಸ್ತಿ ಹರಿದಾಡುತ್ತಿವೆ. ಇದನ್ನು ತಡೆಯಬೇಕು.

ಗಿಡದಲ್ಲಿ ಔಷಧದ ಗುಣವಿರುವುದು ನಿಜ. ಅದರಲ್ಲಿ ಅಟ್ರೋಪಿನ್, ಸ್ಕೋಪೊಲಮಿನ್, ಹಯೋಸಯಮಿನ್ ಎಂಬ ಆಲ್ಕಲಾಯ್ಡ್‌ಗಳಿವೆ, ಅಂದರೆ ದೇಹದ ಮೇಲೆ ಬಲವಾದ ಪರಿಣಾಮ ಬೀರುವ ಸಸ್ಯ ರಾಸಾಯನಿಕಗಳಿವೆ. ಅಟ್ರೋಪಿನ್ ಎಷ್ಟು ದೊಡ್ಡ ಮದ್ದು ಎಂದರೆ, ಕೆಲವು ಬಗೆಯ ಕ್ರಿಮಿನಾಶಕ ಕುಡಿದು ಅಥವಾ ಹೊಲದಲ್ಲಿ ಸಿಂಪಡಿಸುವಾಗ ವಿಷ ತಗುಲಿ ಆಸ್ಪತ್ರೆಗೆ ಬರುವ ರೈತರಿಗೆ ವೈದ್ಯರು ಮೊದಲು ಕೊಡುವ ಚುಚ್ಚುಮದ್ದುಗಳಲ್ಲಿ ಅದೂ ಒಂದು. ಉಬ್ಬಸದ ಇನ್‌ಹೇಲರ್‌ನಲ್ಲಿ ಬಳಸುವ ಇಪ್ರಾಟ್ರೋಪಿಯಂ ಕೂಡ ಅಟ್ರೋಪಿನ್‌ನಿಂದಲೇ ರೂಪುಗೊಂಡದ್ದು. ವಿಜ್ಞಾನಿಗಳು ಅಟ್ರೋಪಿನ್ ಅನ್ನು ಗಿಡದಿಂದ ಬೇರ್ಪಡಿಸಿ, ತೂಗಿ, ಪರೀಕ್ಷಿಸಿದ್ದರಿಂದಲೇ ಅದು ಜೀವ ಉಳಿಸುವ ಔಷಧವಾಯಿತು ಅಲ್ವಾ?

ಬೇಲಿಯ ಪಕ್ಕದ ಗಿಡಕ್ಕೆ ಅಂಥ ಅಳತೆ ಇಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ, ಎಲೆಯಿಂದ ಬೀಜಕ್ಕೆ, ಒಂದು ಋತುವಿನಿಂದ ಮತ್ತೊಂದಕ್ಕೆ ಆಲ್ಕಲಾಯ್ಡ್ ಪ್ರಮಾಣ ಬದಲಾಗುತ್ತದೆ. ಸ್ವಲ್ಪ ಹೆಚ್ಚಾದರೂ ಬಾಯಿ ಒಣಗಿ, ಕಣ್ಣು ಮಂಜಾಗಿ, ಎದೆಬಡಿತ ಏರಿ, ಮನುಷ್ಯ ಬಡಬಡಿಸತೊಡಗುತ್ತಾನೆ. ಸಾವೂ ಬರಬಹುದು. ಮಕ್ಕಳಿಗಂತೂ ಬೀಜ ಬಹಳ ಅಪಾಯಕಾರಿ.

ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ಮತ್ತು ಆಯುಷ್ ಇಲಾಖೆ ಒಟ್ಟಾಗಿ ನಮ್ಮ ಜಿಲ್ಲೆಗಳ ಉಮ್ಮತ್ತಿಯ ಆಲ್ಕಲಾಯ್ಡ್ ಪ್ರಮಾಣ ಅಳೆದು, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ವಿಷದ ಲಕ್ಷಣ ತಿಳಿಸುವ ಚಿತ್ರಪಟಗಳನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅಂಗನವಾಡಿಯಲ್ಲೂ ಹಾಕಲಿ.

– ಓದುಗ, ಹಾಸನ