ರೈಟರಿಗೂ ಒಂದು ಜೋಕು ಕೊಡು

ಹಾಸನ, ಭಾನುವಾರ

ಪ್ರೀತಿಯ ತಂಗಿ,

ನಿನ್ನ ಮೊದಲ ಕಾದಂಬರಿಯ ಬಗ್ಗೆ ಓದುಗರು ಹೇಳಿದ್ದನ್ನೆಲ್ಲ ಬರೆದು ಕಳಿಸಿದ್ದೀಯ. ಹೊಗಳಿಕೆಯನ್ನು ನೀನಾಗಲೇ ಹತ್ತು ಸಲ ಓದಿರುತ್ತೀಯ, ಅದು ಬೇಡ. ತೇಜಸ್ವಿಯವರಿಗೆ ಹೋಲಿಸಿದವರನ್ನೂ ಬಿಡು. ಚಿಕ್ಕಮಗಳೂರಿನವಳು ನಗೆ ಬೆರೆಸಿ ಪತ್ತೇದಾರಿ ಕಥೆ ಬರೆದರೆ 1985ರ 'ಚಿದಂಬರ ರಹಸ್ಯ' ಯಾರಿಗೆ ನೆನಪಾಗುವುದಿಲ್ಲ? ಆ ಹೋಲಿಕೆಯಿಂದ ನಿನಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ.

ನನ್ನ ಕಣ್ಣು ನಿಂತಿದ್ದು ಮೂಡಿಗೆರೆ ಬೆಳೆಗಾರರ ಮಾತಿನ ಮೇಲೆ. 'ತುಂಬ ನಕ್ಕೆ. ಆದರೆ ಕಾಫಿ ಚೀಲ ಕದ್ದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಂತ ಮೂರನೇ ಅಧ್ಯಾಯದಲ್ಲೇ ಗೊತ್ತಾಯಿತು.' ಸುಳಿವು ಕಡಿಮೆ ಮಾಡಿ ಅಂತ ಬೇರೆ ಹೇಳಿದ್ದಾರೆ. ನಾನು ಮತ್ತೆ ಹುಡುಕಿದೆ, ಅಲ್ಲಿ ಸುಳಿವೇ ಇಲ್ಲ! ಸಾಹುಕಾರರು, ಎಸ್‌ಐ, ಜೀಪ್ ಡ್ರೈವರ್, ಕೊನೆಗೆ ತೋಟದ ನಾಯಿಯನ್ನೂ ಬಿಡದೆ ನಗೆಪಾಟಲು ಮಾಡಿದ್ದೀಯ. ರೈಟರೊಬ್ಬನೇ ಗಂಭೀರ. ಎಲ್ಲರೂ ನಗಿಸುವ ಕಥೆಯಲ್ಲಿ ಒಬ್ಬ ಮುಖ ಬಿಗಿದುಕೊಂಡು ಕೂತರೆ ಓದುಗ ಮೊದಲು ತಡಕುವುದು ಅವನ ಜೇಬನ್ನೇ. ಎಲ್ಲಿ ಎಡವಿದೆವು ಅಂತ ಓದುಗರು ಸರಿಯಾಗೇ ಹೇಳುತ್ತಾರೆ. ಯಾಕೆ ಅಂತ ನೀನೇ ಬಗ್ಗಿ ನೋಡಬೇಕು.

ಅವನಿಗೂ ಒಂದು ಜೋಕು ಕೊಡು. ರೋಬಸ್ಟಾ ಕಾಫಿ ಹಣ್ಣು ಕಣದಲ್ಲಿ ಸಿಪ್ಪೆ ಸಮೇತ ಒಣಗಿ ಚೆರ್ರಿ ಆಗುವಷ್ಟರಲ್ಲಿ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅಲ್ವಾ? ಚೀಲ ಕಮ್ಮಿ ಬಂತು ಅಂತ ಸಾಹುಕಾರರು ಕೂಗಾಡಿದಾಗ ಅವನು, 'ಬಿಸಿಲು ಕದ್ದಿದೆ ಸಾರ್, ಹಿಡಿದು ಸ್ಟೇಷನ್ನಿಗೆ ಕಳಿಸಿ' ಅನ್ನಲಿ. ಓದುಗ ನಕ್ಕು ಮುಂದೆ ಹೋಗುತ್ತಾನೆ. ರೈಟರು ಲೆಕ್ಕ ಮುಚ್ಚಿಟ್ಟಿರುವುದೂ ಅದೇ ಒಣಗಿದ ತೂಕದಲ್ಲಿ. ಕೊನೆಯ ಅಧ್ಯಾಯದಲ್ಲಿ ಈ ಮಾತು ನೆನಪಾಗಿ ಓದುಗ ತಲೆ ಚಚ್ಚಿಕೊಳ್ಳಬೇಕು.

ಇನ್ನು ಆ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಅವರ ಮೇಲೆ ನಿನಗೆ ಸಿಟ್ಟು ಬಂದಿದೆ ಅಂತ ಗೊತ್ತಾಗುತ್ತದೆ. 'ಕಥೆ ನಡೆಯುವುದು 2025ರ ಜನವರಿಯಲ್ಲಿ, ನಿಮ್ಮ ಎಸ್‌ಐ ಕಳ್ಳತನಕ್ಕೆ ಇನ್ನೂ ಸೆಕ್ಷನ್ 379 ಹಾಕುತ್ತಿದ್ದಾನೆ' ಅಂದರಲ್ಲ, ನೂರಕ್ಕೆ ನೂರು ಸರಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಕಳ್ಳತನ ಈಗ 303. ಆದರೆ ಸುಮ್ನೆ ಅಳಿಸಿ ಬರೆಯಬೇಡ. ಎಸ್‌ಐ ಹಳೇ ಅಭ್ಯಾಸದಲ್ಲಿ 379 ಅನ್ನಲಿ, ಮೊನ್ನೆ ತಾನೇ ಸೇರಿದ ಪೇದೆ ಮೆಲ್ಲಗೆ 'ಸಾರ್, 303' ಅನ್ನಲಿ. ತಪ್ಪೂ ಹೋಯಿತು, ಒಂದು ನಗೆಯೂ ಸಿಕ್ಕಿತು.

ನನ್ನ ಮೊದಲ ಪುಸ್ತಕದಲ್ಲಿ ನಾಲ್ಕನೇ ಅಧ್ಯಾಯದಲ್ಲಿ ಸತ್ತವನು ಹನ್ನೊಂದನೇ ಅಧ್ಯಾಯದಲ್ಲಿ ಕಾಫಿ ಕುಡಿದಿದ್ದ. ಪ್ರೂಫ್ ನೋಡಿದವನು ನಾನೇ. ಸಕಲೇಶಪುರದಿಂದ ಒಬ್ಬರು ಕಾರ್ಡು ಹಾಕಿದ್ದರು: 'ಸತ್ತ ಮೇಲೂ ಸಕ್ಕರೆ ಜಾಸ್ತಿ ಕೇಳುತ್ತಾನಲ್ಲ ಸ್ವಾಮಿ!' ಒಂದು ವಾರ ಅವರನ್ನು ಬೈದುಕೊಂಡು ಓಡಾಡಿದೆ. ಮುಂದಿನ ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೇ ಕಳಿಸಿದೆ.

ಹೆಡ್ ಕಾನ್‌ಸ್ಟೇಬಲ್ಲರ ವಿಳಾಸ ಇಟ್ಟುಕೊಂಡಿದ್ದೀಯ ತಾನೆ?

ಇಂತಿ,
ನಿನ್ನಣ್ಣ