ಫೈಟಿಂಗ್ ಗೇಮ್ ಬಳಗಕ್ಕೆ ಜೂನ್ ತಿಂಗಳ ಕಂಟಕ

ಸಂಪಾದಕರಿಗೆ,

ಮಾನ್ಯರೇ,

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜು ಹುಡುಗರು ಫೈಟಿಂಗ್ ಗೇಮ್ ಆಡಲು ಭಾನುವಾರಕ್ಕೊಂದು ಕೋಣೆ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಈ ವರ್ಷ ಈ ಗೇಮು, ಬರುವ ವರ್ಷ ಇನ್ನೊಂದು. ಅದಕ್ಕೆಲ್ಲ ಜಾಗ ಕೊಟ್ಟು ಏನು ಉಪಯೋಗ?’ ಇಂಥ ಗೇಮ್‌ಗಳು ಬಹಳ ದಿನ ಬಾಳುವುದಿಲ್ಲ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆ ನಂಬಿಕೆ ತಪ್ಪು. ನಮ್ಮಲ್ಲಿ ಬೇಗ ಕಣ್ಮುಚ್ಚುವುದು ಆಡುವವರ ಬಳಗ, ಅದಕ್ಕೆ ಕಾರಣಗಳೇ ಬೇರೆ.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇವೆ. ನೂರು ಜನ ಒಟ್ಟಿಗೆ ಇಳಿದು ಬಂದೂಕು ಹಿಡಿದು ಓಡಾಡುವ ಮೊಬೈಲ್ ಗೇಮಿನ ವಿಷಯ ಇದಲ್ಲ. ಒಂದು ಪರದೆ, ಇಬ್ಬರು ಆಟಗಾರರು, ಗಡಿಯಾರ ಇಟ್ಟು ಆಡುವ ಸುತ್ತುಗಳು: ಸ್ಟ್ರೀಟ್ ಫೈಟರ್, ಟೆಕ್ಕನ್, ಕಿಂಗ್ ಆಫ್ ಫೈಟರ್ಸ್ ಮುಂತಾದವು.

ಅಮೆರಿಕದಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ಇವೋ’ ಈ ಆಟಗಳ ದೊಡ್ಡ ಕೂಟ. 1996ರಲ್ಲಿ ಬೇರೆ ಹೆಸರಿನಲ್ಲಿ ಸಣ್ಣದಾಗಿ ಶುರುವಾದದ್ದು. ಅಲ್ಲಿ 2024ರ ಪಟ್ಟಿಯಲ್ಲಿ 1999ರ ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್ ಇತ್ತು; 2025ರಲ್ಲಿ 2000ನೇ ಇಸವಿಯ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2. ನಿಂಟೆಂಡೊದ ಸ್ಮ್ಯಾಶ್ ಬ್ರದರ್ಸ್ ಮೆಲೀ 2001ರದ್ದು. ಅದರಲ್ಲಿ ಆನ್‌ಲೈನ್ ಆಟವೇ ಇರಲಿಲ್ಲ. 2020ರಲ್ಲಿ ಅಭಿಮಾನಿಗಳೇ ‘ಸ್ಲಿಪ್ಪಿ’ ಎಂಬ ತಂತ್ರಾಂಶ ಬರೆದು ಆ ಕೊರತೆ ತುಂಬಿಕೊಂಡರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪದಕಕ್ಕಿದ್ದದ್ದು 2016ರ ಸ್ಟ್ರೀಟ್ ಫೈಟರ್ 5. ಆ ಹೊತ್ತಿಗೆ ಆರನೆಯದು ಮಾರುಕಟ್ಟೆಗೆ ಬಂದು ತಿಂಗಳುಗಳಾಗಿದ್ದವು. ಇದರ ಎದುರಿಗೆ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಇನ್ಫಿನಿಟ್ 2017ರಲ್ಲಿ ಬಂತು, 2018ರ ಇವೋ ಮುಖ್ಯ ಪಟ್ಟಿಯಲ್ಲೇ ಇರಲಿಲ್ಲ. ಹೊಸದು ಎಂಬ ಒಂದೇ ಕಾರಣಕ್ಕೆ ಯಾವ ಗೇಮೂ ಉಳಿಯಲಿಲ್ಲ, ಹಳತು ಎಂದು ಹೋಗಲೂ ಇಲ್ಲ.

ಕಂಪನಿಗೆ ಒಂದು ಗೇಮಿನ ಮೇಲೆ ಆಸಕ್ತಿ ಇರುವುದು ಹೊಸ ಪಾತ್ರಗಳನ್ನು ಮಾರುವವರೆಗೆ. ಆಮೇಲೆ ತಿದ್ದುಪಡಿ ನಿಲ್ಲುತ್ತದೆ, ಬಹುಮಾನದ ಹಣ ನಿಲ್ಲುತ್ತದೆ, ಜನ ಕಡಿಮೆಯಾಗುತ್ತಾರೆ. ಮಳೆಗಾಲಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೂ ವೇಷ, ರಂಗಸ್ಥಳ ಯಾವುದೂ ಇಲ್ಲದೆ ತಾಳಮದ್ದಳೆ ನಡೆಯುತ್ತದಲ್ಲ, ಗೇಮಿನ ಎರಡನೇ ಆಯುಷ್ಯ ಹಾಗೆ. ಸಮಬಲದ ಎಂಟು-ಹತ್ತು ಜನ, ಒಂದು ನಿಗದಿತ ದಿನ ಇದ್ದರೆ ಸಾಕು. ಅದೂ ಆಗದಂತೆ ಮಾಡುವುದು ಎರಡೇ: ಕಂಪನಿಯ ಸರ್ವರ್ ಇಲ್ಲದೆ ತೆರೆಯದ ಗೇಮು, ಕೆಟ್ಟ ನೆಟ್‌ಕೋಡ್ (ದೂರದ ಇಬ್ಬರ ಆಟವನ್ನು ನೆಟ್ ಮೂಲಕ ಜೋಡಿಸುವ ತಂತ್ರಾಂಶ).

ಮೊದಲನೆಯದಕ್ಕೆ ಉದಾಹರಣೆ ರೈಸಿಂಗ್ ಥಂಡರ್. 2016ರಲ್ಲಿ ತಯಾರಕರು ಸರ್ವರ್ ನಿಲ್ಲಿಸಿದರು, ಗೇಮ್ ಅಂದೇ ಮುಗಿಯಿತು. ಕಂಪನಿಯ ಸರ್ವರ್ ಇಲ್ಲದೆ ಆಡಬಹುದಾದ ಆವೃತ್ತಿಯನ್ನು ಅವರು ಹೊರಬಿಟ್ಟದ್ದು 2018ರಲ್ಲಿ. ಮಲ್ಟಿವರ್ಸಸ್ ಆನ್‌ಲೈನ್ 2025ರ ಮೇ 30ಕ್ಕೆ ಮುಚ್ಚಿತು, ಆದರೆ ಒಂದೇ ಕೋಣೆಯಲ್ಲಿ ಕೂತು ಆಡುವ ದಾರಿ ಉಳಿಸಿ ಹೋದರು. ಆದ್ದರಿಂದ ಒಂದು ಗೇಮನ್ನು ಬಳಗದ ಗೇಮ್ ಎಂದು ಆರಿಸುವ ಮೊದಲು ರೂಟರ್ ಆಫ್ ಮಾಡಿ ನೋಡಬೇಕು. ಇಬ್ಬರ ಆಟ ತೆರೆಯುತ್ತದೆಯೇ? ದುಡ್ಡು ಕೊಟ್ಟು ಕೊಂಡ ಪಾತ್ರಗಳು ಸಿಗುತ್ತವೆಯೇ? ಪಿಎಸ್4 ಕನ್ಸೋಲ್ (ಟಿವಿಗೆ ಜೋಡಿಸುವ ಗೇಮ್ ಯಂತ್ರ) ಆದರೆ ಖರೀದಿಸಿದ ಖಾತೆಯಲ್ಲಿ ಆ ಯಂತ್ರವನ್ನು ‘ಪ್ರೈಮರಿ’ ಎಂದು ಮಾಡದಿದ್ದರೆ ನೆಟ್ ಇಲ್ಲದ ಸಭಾಂಗಣದಲ್ಲಿ ಪಾತ್ರಗಳಿಗೆ ಬೀಗ ಬೀಳುತ್ತದೆ. ಎರಡು ಕನ್ಸೋಲ್‌ಗಳಲ್ಲಿ ಆವೃತ್ತಿ ಸಂಖ್ಯೆ ಒಂದೇ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕು. ಬೆಳಿಗ್ಗೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಹತ್ತಾರು ಜಿಬಿ ಇಳಿಸುತ್ತ ಕೂತರೆ ಮಧ್ಯಾಹ್ನದ ಊಟದ ಹೊತ್ತಾಗುತ್ತದೆ.

ನೆಟ್‌ಕೋಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ನಲ್ಲಿ (ಪರದೆಯ ಮೇಲೆ 60 ಚಿತ್ರ) ಓಡುತ್ತವೆ. ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್. ಸ್ಟ್ರೀಟ್ ಫೈಟರ್ 6ರಲ್ಲಿ ಅತಿ ವೇಗದ ಏಟು 4 ಫ್ರೇಮ್‌ಗೆ ತಾಗುತ್ತದೆ, ಟೆಕ್ಕನ್‌ನಲ್ಲಿ 10ಕ್ಕೆ. ಹಳೆಯ ಪದ್ಧತಿಯ ನೆಟ್‌ಕೋಡ್ ಎದುರಾಳಿ ಒತ್ತಿದ್ದು ತಲುಪುವವರೆಗೆ ನೀವು ಒತ್ತಿದ್ದನ್ನೂ ತಡೆದಿಡುತ್ತದೆ, ಸಂಪರ್ಕ ತೂಕಡಿಸಿದಾಗಲೆಲ್ಲ ಆಟವೂ ತೂಕಡಿಸುತ್ತದೆ. ರೋಲ್‌ಬ್ಯಾಕ್ ಎಂಬ ಪದ್ಧತಿ ಹಾಗಲ್ಲ: ಎದುರಾಳಿ ಈಗ ಒತ್ತಿದ್ದನ್ನೇ ಮುಂದೆಯೂ ಒತ್ತಿರುತ್ತಾನೆ ಎಂದು ಊಹಿಸಿ ಆಟ ಮುಂದೆ ಓಡಿಸುತ್ತದೆ, ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಹೋಗಿ ತಿದ್ದಿ ಮತ್ತೆ ಈಗಿನ ಕ್ಷಣಕ್ಕೆ ಬರುತ್ತದೆ. ಟೋನಿ ಕ್ಯಾನನ್ ಎಂಬುವರು ಬರೆದ ಜಿಜಿಪಿಒ ಎಂಬ ತಂತ್ರಾಂಶ ಇದನ್ನು ಫೈಟಿಂಗ್ ಗೇಮ್‌ಗಳಿಗೆ ತಂದಿತು, 2019ರಿಂದ ಅದು ಎಲ್ಲರಿಗೂ ಮುಕ್ತ. 2018ರ ಇವೋದಲ್ಲಿ ಅತಿ ಹೆಚ್ಚು ಸ್ಪರ್ಧಿಗಳಿದ್ದ ಡ್ರ್ಯಾಗನ್ ಬಾಲ್ ಫೈಟರ್‌ಝಡ್‌ಗೆ ರೋಲ್‌ಬ್ಯಾಕ್ ಬಂದದ್ದು 2024ರಲ್ಲಿ. ಕೊರೊನಾ ಕಾಲದಲ್ಲಿ ಜನ ಮನೆಯಲ್ಲೇ ಕೂತಿದ್ದಾಗ ಬರಬೇಕಾದ್ದು ಅದು.

ಜಿಲ್ಲೆಯ ಮಟ್ಟಿಗೆ ನೆಟ್‌ಕೋಡ್ ಇಷ್ಟು ಮುಖ್ಯ ಏಕೆಂದರೆ ಇಲ್ಲಿ ಬಳಗ ಒಡೆಯುವುದು ಹೊಸ ಗೇಮ್ ಬಂದಾಗ ಅಲ್ಲ, ಜೂನ್‌ನಲ್ಲಿ. ಪಿಯು ಮುಗಿಸಿದವರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗೆ, ಡಿಗ್ರಿ ಮುಗಿಸಿದವರು ಗೋವಾಕ್ಕೆ ಕೆಲಸಕ್ಕೆ. ಹೋಗುವವರಲ್ಲಿ ಚೆನ್ನಾಗಿ ಆಡುವವರು, ಕನ್ಸೋಲ್ ಇದ್ದವರು, ಪಂದ್ಯದ ಪಟ್ಟಿ ಬರೆಯುವವರು ಮೂವರೂ ಇರುತ್ತಾರೆ. ಎಷ್ಟೋ ಸಲ ಮೂವರೂ ಒಬ್ಬನೇ. ಉಳಿದ ನಾಲ್ಕು ಜನಕ್ಕೆ ಎದುರಾಳಿಗಳಿಲ್ಲ, ಟಿವಿಯೂ ಇಲ್ಲ. ಆಗ ‘ಗೇಮ್ ಹಳತಾಯಿತು’ ಎನ್ನುತ್ತಾರೆ.

ರೋಲ್‌ಬ್ಯಾಕ್ ಇರುವ ಗೇಮ್ ಆದರೆ ಹೋದವರು ವಾರಕ್ಕೊಂದು ರಾತ್ರಿ ಊರಿನವರ ಜೊತೆ ಆಡಬಹುದು. 30 ಮಿಲಿಸೆಕೆಂಡ್ ಪಿಂಗ್ (ಸಂದೇಶ ಹೋಗಿ ಮರಳುವ ಸಮಯ) ಎಂದರೆ ಎರಡು ಫ್ರೇಮ್‌ಗೂ ಕಡಿಮೆ. ಆದರೆ ಸರಾಸರಿ ಪಿಂಗ್ ನೋಡಿ ಮೋಸಹೋಗಬಾರದು, ಏರಿಳಿತ ನೋಡಬೇಕು. ಲ್ಯಾಪ್‌ಟಾಪ್‌ನಿಂದ ಮೊದಲು ಮನೆಯ ರೂಟರ್‌ಗೇ (ಸಾಮಾನ್ಯವಾಗಿ 192.168.1.1) ಐದು ನಿಮಿಷ ಪಿಂಗ್ ಬಿಡಿ. ಒಂದೆರಡು ಮಿಲಿಸೆಕೆಂಡ್ ಇರಬೇಕಾದ್ದು ಆಗಾಗ 50, 100ಕ್ಕೆ ಹಾರಿದರೆ ದೋಷ ಮನೆಯೊಳಗಿನ ವೈಫೈನದು, ಇಂಟರ್ನೆಟ್ ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಚಿರೇಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸುಸ್ತಾಗುತ್ತದೆ, 2.4 ದಾಟುತ್ತದೆ, ಆದರೆ ಅಕ್ಕಪಕ್ಕದ ಎಲ್ಲ ರೂಟರ್‌ಗಳೂ ಅದೇ ಸಂದಣಿಯಲ್ಲಿ. ಪರಿಹಾರ ಅಗ್ಗದ್ದು: ಕಿಟಕಿಯ ಸಂದಿನಿಂದ ಎಳೆದ ಕ್ಯಾಟ್ 6 ಕೇಬಲ್. 100 ಮೀಟರ್‌ವರೆಗೆ ನಡೆಯುತ್ತದೆ. ಸಿಡಿಲು ಶುರುವಾದಾಗ ವಿದ್ಯುತ್ ಪ್ಲಗ್ ಜೊತೆ ಈ ಕೇಬಲನ್ನೂ ಕಿತ್ತಿಡುವುದು ಮರೆಯಬಾರದು. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಮೊಬೈಲ್ ನೆಟ್ ಮಾತ್ರ ಇದ್ದರೆ ಆನ್‌ಲೈನ್ ಆಟದ ಆಸೆ ಬಿಟ್ಟು ಪೇಟೆಗೆ ಬಂದು ಕೂತು ಆಡುವುದೇ ಮೇಲು. ಎದುರುಬದುರು ಕೂತು ಆಡುವುದು ಎಂದೂ ಎರಡನೇ ದರ್ಜೆಯದಲ್ಲ. 2019ರಲ್ಲಿ ಒಂದೇ ವರ್ಷ ಇವೋ ಜಪಾನ್ ಮತ್ತು ಇವೋ ಎರಡರಲ್ಲೂ ಟೆಕ್ಕನ್ 7 ಗೆದ್ದ ಲಾಹೋರಿನ ಅರ್ಸಲಾನ್ ಆ್ಯಶ್ ಪಳಗಿದ್ದು ಊರಿನ ಆಟಗಾರರ ಎದುರಿಗೆ ಕೂತು.

ಕರಾವಳಿಯಲ್ಲಿ ಸಾಮಾನಿನ ಆಯುಷ್ಯವೂ ಲೆಕ್ಕಕ್ಕೆ ಬರುತ್ತದೆ. ಉಪ್ಪು ಗಾಳಿಗೆ ಕಂಟ್ರೋಲರ್‌ನ ಯುಎಸ್‌ಬಿ ಕಿಂಡಿ, ಆರ್ಕೇಡ್ ಸ್ಟಿಕ್‌ನ ಮೈಕ್ರೊಸ್ವಿಚ್ ಕಿಲುಬು ಹಿಡಿಯುತ್ತವೆ. ಒಂದು ಸಲ ಒತ್ತಿದ್ದು ಎರಡು ಸಲವಾಗುತ್ತದೆ, ಅಥವಾ ಆಗುವುದೇ ಇಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ತುಕ್ಕಿನ ಎಣ್ಣೆ ಹೊಡೆಯಬೇಡಿ, ಜಿಡ್ಡಿಗೆ ಧೂಳು ಕೂರುತ್ತದೆ. ದಿಕ್ಕಿನ ಗುಂಡಿ ಮಂಕಾದರೆ ಒಳಗಿನ ರಬ್ಬರ್ ಪದರ ಸವೆದಿರುತ್ತದೆ, ಅದೊಂದನ್ನೇ ಬದಲಿಸಬಹುದು, ಕಂಟ್ರೋಲರ್ ಎಸೆಯಬೇಕಿಲ್ಲ. ಟಿವಿಯಲ್ಲಿ ‘ಗೇಮ್ ಮೋಡ್’ ಹಾಕದಿದ್ದರೆ ಚಿತ್ರ ನುಣುಪು ಮಾಡುವ ಕೆಲಸದಲ್ಲೇ ಹಲವು ಫ್ರೇಮ್ ಕಳೆದುಹೋಗುತ್ತದೆ. ದೊಡ್ಡ ಟಿವಿ ತಂದ ಉತ್ಸಾಹಿಗಳು ಇದನ್ನೇ ಮರೆಯುತ್ತಾರೆ. ಸ್ಪರ್ಧೆಯಲ್ಲಿ ವೈರ್ ಹಾಕಿಯೇ ಆಡಿಸಿ, ಹಿಂದಿನವನ ವೈರ್‌ಲೆಸ್ ಜೋಡಣೆ ಅಳಿಸಿ. ಇಲ್ಲವಾದರೆ ಮೂಲೆಯಲ್ಲಿ ಕೂತವನ ಜೇಬಿನ ಕಂಟ್ರೋಲರ್ ಗುಂಡಿ ತಾಗಿ ನಿರ್ಣಾಯಕ ಸುತ್ತು ನಡುವೆ ನಿಲ್ಲುತ್ತದೆ. ಕರೆಂಟ್ ಹೋಗುವುದಂತೂ ಇದ್ದದ್ದೇ. ಸಣ್ಣ ಯುಪಿಎಸ್ ಒಂದು ಆಟ ಮುಗಿಸಿಕೊಳ್ಳುವಷ್ಟು ಹೊತ್ತು ಹಿಡಿಯುತ್ತದೆ, ಅಷ್ಟೇ ಬೇಕಾದ್ದು.

ಇನ್ನು ಹೊಸಬರು. ‘ಗೆದ್ದವ ಕೂತಿರಲಿ, ಸೋತವ ಏಳಲಿ’ ಎಂಬ ಪದ್ಧತಿ ಬಳಗಕ್ಕೆ ವಿಷ. ಹೊಸ ಹುಡುಗ ಮೂರು ನಿಮಿಷ ಏಟು ತಿಂದು ಮುಕ್ಕಾಲು ಗಂಟೆ ಕಾದು ಕೂರುತ್ತಾನೆ, ಮುಂದಿನ ವಾರ ಬರುವುದಿಲ್ಲ. ಆರು ಜನ ಇದ್ದರೆ ಎಲ್ಲರಿಗೂ ಎಲ್ಲರೊಡನೆ ಆಡಿಸಿ: 15 ಪಂದ್ಯ, ಎರಡು ಟಿವಿಯಲ್ಲಿ ಸುಮಾರು ಒಂದೂಕಾಲು ಗಂಟೆ. 16 ಜನ ಆದರೆ ಎರಡು ಸೋಲಿಗೆ ಹೊರಹೋಗುವ ಪಟ್ಟಿ: 30 ಅಥವಾ 31 ಪಂದ್ಯ. ಮೂರರಲ್ಲಿ ಎರಡು ಗೆಲ್ಲುವ ಒಂದು ಪಂದ್ಯಕ್ಕೆ ಎದ್ದು ಕೂರುವುದೂ ಸೇರಿ 10 ನಿಮಿಷ ಹಿಡಿಯಿರಿ. ಎರಡು ಟಿವಿಯಲ್ಲಿ ಎರಡೂವರೆ ಗಂಟೆ ಎಂದು ಲೆಕ್ಕ ಬಂದರೂ ಕೊನೆಯ ಪಂದ್ಯಗಳು ಒಂದಾದ ಮೇಲೊಂದೇ ನಡೆಯುವುದರಿಂದ ಮೂರು ಗಂಟೆ ದಾಟುತ್ತದೆ. ಪಟ್ಟಿಗೆ ಸೇರದ ಸುಮ್ಮನೆ ಆಟಕ್ಕೆಂದೇ ಮೂರನೇ ಟಿವಿ ಇದ್ದರೆ ಸೋತವರು ಮನೆಗೆ ಹೋಗುವುದಿಲ್ಲ.

ಮೊದಲ ತಿಂಗಳು ಹೊಸಬನಿಗೆ ಒಂದೇ ಪಾತ್ರ. ಕೆಳಗಿನ ಏಟಿಗೆ ಕುಳಿತು ತಡೆ, ತಲೆಯ ಮೇಲಿನ ಏಟಿಗೆ ನಿಂತು ತಡೆ. ಹಾರಿ ಬಂದವನನ್ನು ಬೀಳಿಸುವ ಒಂದು ಏಟು. ತಡೆದ ಮೇಲೆ ಎದುರಾಳಿ ಎಷ್ಟು ಫ್ರೇಮ್ ಹಿಂದೆ ಬಿದ್ದ (ನಮಗಿಂತ ಎಷ್ಟು ತಡವಾಗಿ ಚೇತರಿಸಿಕೊಳ್ಳುತ್ತಾನೆ) ಎಂದು ನೋಡಿ ಹೊಡೆಯುವುದು. ಸ್ಟ್ರೀಟ್ ಫೈಟರ್ 6ರಲ್ಲಿ 4 ಫ್ರೇಮ್ ಹಿಂದೆ ಬಿದ್ದವನು ಕೈಗೆಟಕುವ ದೂರದಲ್ಲಿದ್ದರೆ ಸಿಕ್ಕಿಬಿದ್ದ ಹಾಗೆ, ಟೆಕ್ಕನ್‌ನಲ್ಲಿ 10. ಉದ್ದದ ಕಾಂಬೊ (ಏಟುಗಳ ಸರಣಿ) ಆಮೇಲೆ. ಸ್ಟ್ರೀಟ್ ಫೈಟರ್ 6ರ ‘ಮಾಡರ್ನ್’ ವಿಧಾನದಲ್ಲಿ ವಿಶೇಷ ಏಟು ಒಂದೇ ಗುಂಡಿಗೆ ಬರುತ್ತದೆ, ಅದಕ್ಕೆ ದಂಡವಾಗಿ ಏಟಿನ ಬಲ ಶೇ 20ರಷ್ಟು ಇಳಿಯುತ್ತದೆ. ಹಳಬರು ಇದನ್ನು ಹಂಗಿಸುತ್ತಾರೆ. ಹಂಗಿಸುವವರ ಬಳಗದಲ್ಲಿ ಎರಡು ವರ್ಷದ ನಂತರ ಹಂಗಿಸುವವರೇ ಉಳಿಯುತ್ತಾರೆ.

ಫೆಸ್ಟ್‌ಗಳಲ್ಲಿ ದೊಡ್ಡ ಬಹುಮಾನ ಇಡುವುದನ್ನೂ ನಾವು ಒಪ್ಪುವುದಿಲ್ಲ. ಹೊರಗಿನಿಂದ ಒಬ್ಬ ಬಂದು ಗೆದ್ದು ಹೋಗುತ್ತಾನೆ, ಊರಿಗೆ ಉಳಿಯುವುದು ಬ್ಯಾನರ್. ಅದೇ ಹಣಕ್ಕೆ ಎರಡು ಕಂಟ್ರೋಲರ್, ಒಂದು ಯುಪಿಎಸ್ ಬರುತ್ತದೆ. ಪಂದ್ಯದ ಮೇಲೆ ದುಡ್ಡು ಕಟ್ಟುವುದು ಬೇಡವೇ ಬೇಡ. ಆನ್‌ಲೈನ್ ಗೇಮಿಂಗ್ ಕುರಿತ 2025ರ ಕೇಂದ್ರ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಹಣ ಕಟ್ಟುವ ಆಟದಿಂದ ಬೇರ್ಪಡಿಸಿದೆ: ಪ್ರವೇಶ ಶುಲ್ಕ, ಬಹುಮಾನ ಇರಬಹುದು, ಬಾಜಿ ಇರುವಂತಿಲ್ಲ. ಓಸಿ-ಮಟಕಾದ ಊರುಗಳಲ್ಲಿ ಹುಡುಗರು ಗುಂಪಾಗಿ ಕೂತದ್ದನ್ನು ಕಂಡ ಹಿರಿಯರಿಗೂ ಪೊಲೀಸರಿಗೂ ಸಂಶಯ ಬರುವುದು ಸಹಜ. ಶುಲ್ಕ ಎಷ್ಟು, ಯಾವುದಕ್ಕೆ ಖರ್ಚಾಯಿತು ಎಂದು ಬಾಗಿಲಿಗೇ ಬರೆದು ಅಂಟಿಸಿದರೆ ಆಯಿತು.

ಜೂನ್ ದಾಟಿಸುವ ಕೆಲಸ ಡಿಸೆಂಬರ್‌ನಲ್ಲೇ ಶುರುವಾಗಬೇಕು. ಮೊದಲ ವರ್ಷದ ಇಬ್ಬರಿಂದ (ಒಬ್ಬನಿಂದಲ್ಲ) ಪಂದ್ಯದ ಪಟ್ಟಿ ಬರೆಸಬೇಕು, ಹಳಬರು ಪಕ್ಕದಲ್ಲಿ ಕೂರಬೇಕು. ಗೇಮ್ ಕೊಂಡ ಖಾತೆ ಒಬ್ಬನ ಸ್ವಂತದ್ದಾಗಿರದೆ ಬಳಗಕ್ಕೆಂದೇ ತೆರೆದ ಇಮೇಲ್‌ನಲ್ಲಿರಲಿ. ಯಾವ ಸಾಮಾನು ಯಾರ ಮನೆಯಲ್ಲಿದೆ ಎಂಬ ನೋಟ್‌ಬುಕ್ ಇರಲಿ. ಹೊಸ ಗೇಮ್ ಬಂದ ಕೂಡಲೇ ಎಲ್ಲರೂ ಹಾರಬಾರದು. ಟೆಕ್ಕನ್ 8ಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್, 100 ಜಿಬಿ ಜಾಗ ಬೇಕು. ಅರ್ಧ ಹುಡುಗರ ಲ್ಯಾಪ್‌ಟಾಪ್ ಅಲ್ಲೇ ಕೈಚೆಲ್ಲುತ್ತದೆ. ಒಂದು ವರ್ಷ ಹಳತು-ಹೊಸತು ಎರಡನ್ನೂ ಒಂದೇ ದಿನ, ಬೇರೆ ಬೇರೆ ಟಿವಿಯಲ್ಲಿ ಇಡುವುದು ಸರಿಯಾದ ದಾರಿ.

ಕಾಲೇಜುಗಳ ಆಡಳಿತದವರಲ್ಲಿ ನಾವು ಕೇಳುವುದು ಕ್ರೀಡಾ ನಿಧಿಯ ಹಣವನ್ನಲ್ಲ. ಭಾನುವಾರ ಬೆಳಿಗ್ಗೆ 10ರಿಂದ 2ರವರೆಗೆ ಒಂದು ಕೋಣೆ, ಎರಡು ಮೇಜು, ಅರ್ಥಿಂಗ್ ಸರಿಯಿರುವ ನಾಲ್ಕು ಪ್ಲಗ್ ಪಾಯಿಂಟ್, ಬೀಗವಿರುವ ಒಂದು ಕಪಾಟು. ಅದೇ ಕೋಣೆ ರಜೆಯಲ್ಲೂ, ಮುಂದಿನ ಜೂನ್‌ನಲ್ಲೂ ಸಿಗಬೇಕು. ಕೀಲಿ ಯಾವ ಉಪನ್ಯಾಸಕರ ಬಳಿ ಇರುತ್ತದೆ ಎಂದು ಮೊದಲೇ ತಿಳಿಸಿದರೆ ಉಳಿದದ್ದು ಹುಡುಗರೇ ನೋಡಿಕೊಳ್ಳುತ್ತಾರೆ.

ಇಂತಿ,
ಕಾರವಾರ–ಶಿರಸಿಯ ಕೆಲವು ಫೈಟಿಂಗ್ ಗೇಮ್ ಆಟಗಾರರು